ಓದು ಕಲಿಸುವವರ ಸ್ವಂತ ಕತೆ: ಡೈರಿ, ಚಿತ್ರ, ಪತ್ರ, ಪದ್ಯಗಳ ಮೂಲಕ ಅಧ್ಯಯನ – ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ಮಾಧ್ಯಮ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಗಳಲ್ಲಿ ಒಂದರಿಂದ ನಾಲ್ಕನೇ ತರಗತಿಯವರೆಗೆ ಓದು ಬರಹ ಕಲಿಸುವ ಅಧ್ಯಾಪಕರಿಗಾಗಿ ಇದನ್ನು ಬರೆದಿದ್ದೇನೆ. ಅವರನ್ನು ಕುರಿತು ಅಧ್ಯಯನ ಮಾಡಲು ಹೊರಟ ಡಿ.ಎಲ್.ಎಡ್., ಬಿ.ಎಡ್., ಎಂ.ಎಡ್. ವಿದ್ಯಾರ್ಥಿಗಳಿಗೂ ಉಪಯೋಗಕ್ಕೆ ಬರಬಹುದು. ಹತ್ತಿರದ ಶಾಲೆಗಳ ಅಧ್ಯಾಪಕರು ಸೇರುವ ಕ್ಲಸ್ಟರ್ ತರಬೇತಿಯಲ್ಲಿ ಮೈಕಿನ ಮುಂದೆ ಯಾರೂ ಕೇಳದೆ, ಊಟದ ಸಾಲಿನಲ್ಲಿ ನಿಂತಾಗ ಕೇಳುವ ಪ್ರಶ್ನೆಗಳೇ ಇಲ್ಲಿ ಹೆಚ್ಚು.

"ಸೃಜನಶೀಲ, ವೈಯಕ್ತಿಕ ದತ್ತಾಂಶ" ಅಂದರೆ ಏನು? ಹೆಸರು ಕೇಳಿದರೇ ಹೆದರಿಕೆಯಾಗುತ್ತದೆ.

ಹೆಸರು ದೊಡ್ಡದು, ವಸ್ತು ಸಣ್ಣದು. ಓದು ಕಲಿಸುವ ಕೆಲಸದ ಬಗ್ಗೆ ಅಧ್ಯಾಪಕರು ತಮ್ಮ ಕೈಯಾರೆ ತಯಾರಿಸಿದ ಯಾವುದಾದರೂ ಆದೀತು. ನಾಲ್ಕು ಸಾಲಿನ ಡೈರಿ, ತಾನು ಓದಲು ಕಲಿತ ನೆನಪು, ತನ್ನ ತರಗತಿಯ ಒಂದು ಚಿತ್ರ, ಹಳೆಯ ವಿದ್ಯಾರ್ಥಿಗೆ ಬರೆದು ಕಳಿಸದೇ ಉಳಿದ ಪತ್ರ, ಮೊಬೈಲಿನ ಫೋಟೋ, ವಾಟ್ಸಾಪಿನ ವಾಯ್ಸ್ ಮೆಸೇಜ್ ಎಲ್ಲವೂ ನಡೆಯುತ್ತವೆ. ಅದನ್ನು ಮುಂದಿಟ್ಟುಕೊಂಡು, ಮಾಡಿದವರ ಜತೆ ಕೂತು ಮಾತಾಡುವುದು ಅಧ್ಯಯನದ ಮುಖ್ಯ ಭಾಗ.

ಇದು ನಿನ್ನೆ ಮೊನ್ನೆ ಹುಟ್ಟಿದ್ದೂ ಅಲ್ಲ. ಜಾನ್ ಕಾಲಿಯರ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞ ಫೋಟೋ ತೋರಿಸಿ ಮಾತಾಡಿಸುವ ಕ್ರಮದ ಬಗ್ಗೆ ಬರೆದದ್ದು 1957ರಲ್ಲಿ. ಅಧ್ಯಾಪಕರ ಕತೆಗಳನ್ನೇ ಸಂಶೋಧನೆಯ ಸಾಮಗ್ರಿಯಾಗಿ ಹಿಡಿಯುವ ಕ್ರಮಕ್ಕೆ ಕೆನಡಾದ ಮೈಕೆಲ್ ಕಾನೆಲಿ ಮತ್ತು ಜೀನ್ ಕ್ಲಾಂಡಿನಿನ್ 1990ರಲ್ಲಿ ಒಂದು ರೂಪ ಕೊಟ್ಟರು. ನಮ್ಮ ದೇಶದಲ್ಲೇ, ಗುಜರಾತಿನ ಗಿಜುಭಾಯಿ ಬಧೇಕಾ (1885–1939) ತಮ್ಮ ಶಾಲಾ ಪ್ರಯೋಗಗಳ ಸಾರವನ್ನು ಕಾಲ್ಪನಿಕ ಅಧ್ಯಾಪಕನೊಬ್ಬನ ಬಾಯಲ್ಲಿ ಹೇಳಿಸಿದ್ದರು. ನಮ್ಮ ಕಾಸರಗೋಡಿನ ಪೆರ್ಡಾಲದಲ್ಲಿ ಪಾಠ ಹೇಳುತ್ತಿದ್ದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು (1915–2015) ಆತ್ಮಕಥೆ ಬರೆದರು. ಅಧ್ಯಾಪಕರು ತಮ್ಮ ಬಗ್ಗೆ ಬರೆಯುವುದು ಈ ಮಣ್ಣಿಗೆ ಪರಕೀಯವೇನೂ ಆಗಿರಲಿಲ್ಲ. ಅದನ್ನು ಸಂಶೋಧನೆ ಎಂದು ಒಪ್ಪುವುದಕ್ಕೆ ತಡವಾಯಿತು, ಅಷ್ಟೆ.

ಪ್ರಶ್ನಾವಳಿ ಕೊಟ್ಟರೆ ಸಾಲದೇ? ಬೇಗ ಮುಗಿಯುತ್ತದೆ.

ಬೇಗ ಮುಗಿಯುತ್ತದೆ, ಹೌದು. ಎಷ್ಟು ಮಕ್ಕಳು ಒಂದನೇ ತರಗತಿ ಮುಗಿಸುವಾಗ ಸರಳ ವಾಕ್ಯ ಓದುತ್ತಾರೆ, ಎಷ್ಟು ಶಾಲೆಗಳಲ್ಲಿ ಲೈಬ್ರರಿ ಪುಸ್ತಕಗಳಿವೆ, ಇಂಥದ್ದಕ್ಕೆಲ್ಲ ಲೆಕ್ಕವೇ ಬೇಕು. ಚಿತ್ರ ಬಿಡಿಸಿ ಅದನ್ನು ತಿಳಿಯಲಾಗದು.

ಆದರೆ "ನೀವು ಚಟುವಟಿಕೆ ಆಧಾರಿತ ಕ್ರಮವನ್ನು ಅನುಸರಿಸುತ್ತೀರಾ? ಯಾವಾಗಲೂ, ಕೆಲವೊಮ್ಮೆ, ಇಲ್ಲ" ಎಂದು ಕೇಳಿ ನೋಡಿ. ಎಲ್ಲರ ಗುರುತೂ "ಯಾವಾಗಲೂ" ಎಂಬಲ್ಲಿಗೇ ಹೋಗುತ್ತದೆ. ಫಾರ್ಮು ಎಲ್ಲಿಗೆ ಹೋಗುತ್ತದೆ, ಯಾರು ನೋಡುತ್ತಾರೆ ಎಂದು ತುಂಬುವವರಿಗೆ ಗೊತ್ತು.

ಇದರ ಹಿಂದೆ ಒಂದು ಚರಿತ್ರೆಯಿದೆ. ಕೇರಳದಲ್ಲಿ ಡಿ.ಪಿ.ಇ.ಪಿ. (ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ) ಯೋಜನೆ ಮೊದಲು ಕಾಲಿಟ್ಟ ಮೂರು ಜಿಲ್ಲೆಗಳಲ್ಲಿ ಕಾಸರಗೋಡೂ ಒಂದು. ವಯನಾಡು, ಮಲಪ್ಪುರಂ ಉಳಿದೆರಡು. ಅದು 1994ರ ಮಾತು. ಆಮೇಲೆ ಅಕ್ಷರದಿಂದ ಪದಕ್ಕೆ, ಪದದಿಂದ ವಾಕ್ಯಕ್ಕೆ ಹೋಗುವ ಹಳೆಯ ಕ್ರಮ ಹಿಂದೆ ಸರಿದು, ಕತೆ ಮತ್ತು ಸಂದರ್ಭದಿಂದ ಹೊರಟು ಅಕ್ಷರಕ್ಕೆ ಬರುವ ಕ್ರಮ ಮುಂದೆ ಬಂತು. ತರಬೇತಿಯಲ್ಲಿ ಎಲ್ಲರೂ ತಲೆದೂಗಿದರು. ತರಗತಿಗೆ ಬಂದ ಮೇಲೆ ಎಷ್ಟೋ ಮಂದಿ ಹೊಸ ಕ್ರಮದ ಕತೆಯನ್ನೂ ಹೇಳಿದರು, ಬಾಗಿಲು ಅರ್ಧ ಮುಚ್ಚಿ ಕಾಗುಣಿತವನ್ನೂ ಬಾಯಿಪಾಠ ಮಾಡಿಸಿದರು. ಎರಡನ್ನೂ ಸೇರಿಸಿ ನಡೆಸುವ ಈ ಜಾಣತನ ಪ್ರಶ್ನಾವಳಿಯಲ್ಲಿ ಸಿಗುವುದಿಲ್ಲ, ಯಾಕೆಂದರೆ ಅಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ.

ಅಂಥ ಒಬ್ಬ ಅಧ್ಯಾಪಿಕೆಗೆ ಒಂದು ಹಾಳೆ ಕೊಟ್ಟು "ನಿಮ್ಮ ಒಂದನೇ ಕ್ಲಾಸಿನ ಕೋಣೆಯನ್ನು ಮೇಲಿನಿಂದ ನೋಡಿದ ಹಾಗೆ ಚಿತ್ರ ಬರೆಯಿರಿ" ಅನ್ನಿ. ಬೆಂಚು, ಬೋರ್ಡು, ಓದಿನ ಮೂಲೆ ಎಲ್ಲ ಬರುತ್ತದೆ. ಕಪಾಟಿನ ಹಿಂದೆ ಒಂದು ಸುರುಳಿಯನ್ನೂ ಅವರು ಬರೆದಿದ್ದರೆ "ಇದೇನು ಟೀಚರೇ?" ಎಂದು ಕೇಳಬಹುದು. "ವರ್ಣಮಾಲೆಯ ಚಾರ್ಟು. ಯಾರಾದರೂ ವಿಸಿಟಿಗೆ ಬಂದರೆ ಸುತ್ತಿ ಇಡುವುದು" ಎಂದು ನಗುತ್ತಾ ಹೇಳಿದರೆ ಅಲ್ಲಿಂದ ಅಧ್ಯಯನ ಶುರುವಾಯಿತು ಎಂದುಕೊಳ್ಳಿ.

ಇದು ಎಲ್ಲ ಕಡೆಯ ಅಧ್ಯಾಪಕರಿಗೂ ಅನ್ವಯಿಸುವ ಮಾತಲ್ಲವೇ? ಕಾಸರಗೋಡಿನದ್ದು ಏನು ವಿಶೇಷ?

ಇಲ್ಲಿ ಓದು ಕಲಿಸುವವರ ಅನುಭವ ಒಂದೇ ಭಾಷೆಯೊಳಗೆ ಮುಗಿಯುವುದಿಲ್ಲ. 1956ರ ನವೆಂಬರ್ 1ರಂದು ಈ ಪ್ರದೇಶ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಿಂದ ಕೇರಳಕ್ಕೆ ಹೋಯಿತು. 1984ರಲ್ಲಿ ಬೇರೆ ಜಿಲ್ಲೆಯಾಯಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಕರ್ಯ ಮಾಡಿಕೊಡಬೇಕೆಂಬ ಸಂವಿಧಾನದ 350ಎ ವಿಧಿ ಸೇರಿದ್ದೂ ಅದೇ 1956ರ ತಿದ್ದುಪಡಿಯಲ್ಲಿ. ನಮ್ಮ ಕನ್ನಡ ಮಾಧ್ಯಮ ಶಾಲೆಗಳ ಬೆನ್ನಿಗಿರುವ ಆಸರೆ ಅದು.

ಈಗ ಒಂದನೇ ಕ್ಲಾಸಿನ ಬೆಂಚು ನೋಡಿ. ಒಬ್ಬಳ ಮನೆಮಾತು ತುಳು, ಪಕ್ಕದವನದ್ದು ಮಲಯಾಳ, ಹಿಂದಿನವಳದ್ದು ಹವ್ಯಕ, ಮೂಲೆಯವನದ್ದು ಮರಾಠಿ ಅಥವಾ ಕೊಂಕಣಿ. ಶಾಲೆಯ ಲೆಕ್ಕದಲ್ಲಿ ಎಲ್ಲರೂ ಕನ್ನಡ ಮಾಧ್ಯಮದವರು. ಬೆಕ್ಕಿನ ಚಿತ್ರ ತೋರಿಸಿದರೆ "ಪುಚ್ಚೆ" ಎಂದು ಒಂದು ಸ್ವರ, "ಪೂಚ್ಚ" ಎಂದು ಇನ್ನೊಂದು. ಬೆಳಿಗ್ಗೆ ಮದ್ರಸದಲ್ಲಿ ಬಲದಿಂದ ಎಡಕ್ಕೆ ಓದಿ ಬಂದ ಮಗು ಹತ್ತು ಗಂಟೆಗೆ ನಮ್ಮಲ್ಲಿ ಎಡದಿಂದ ಬಲಕ್ಕೆ ಓದಬೇಕು. ಮಲಯಾಳ ಲಿಪಿಯಲ್ಲಿ "ಕೆ" ಬರೆಯುವಾಗ ಎ-ಕಾರದ ಗುರುತು ಅಕ್ಷರದ ಎಡಗಡೆಗೆ ಬರುತ್ತದೆ, ಕನ್ನಡದಲ್ಲಿ ತಲೆಯ ಮೇಲೆ ಏರುತ್ತದೆ. ಎರಡನ್ನೂ ಕಲಿಯುತ್ತಿರುವ ಮಗುವಿನ ನೋಟ್‌ಬುಕ್ಕಿನಲ್ಲಿ ಕೆಂಪು ಗೆರೆ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂಬುದು ಕೈಪಿಡಿಯಲ್ಲಿ ಇರುವುದಿಲ್ಲ. 2017ರ ಕಾಯ್ದೆಯಿಂದ ಶಾಲೆಗಳಲ್ಲಿ ಮಲಯಾಳ ಕಡ್ಡಾಯವಾದಾಗ ಇಲ್ಲಿ ನಡೆದ ಪ್ರತಿಭಟನೆಗಳನ್ನು ಯಾರೂ ಮರೆತಿಲ್ಲ. ಆದರೆ ಪ್ರತಿಭಟನೆಯ ಮರುದಿನ ತರಗತಿಗೆ ಹೋಗಿ ಅದೇ ಮಕ್ಕಳ ಎದುರು ನಿಂತ ಅಧ್ಯಾಪಕರಿಗೆ ಏನನ್ನಿಸಿತು ಎಂದು ಯಾರೂ ಕೇಳಿದ ಹಾಗಿಲ್ಲ.

ಅಧ್ಯಾಪಕರೂ ಇದೇ ಬೆಂಚಿನಲ್ಲಿ ಕೂತು ಬಂದವರು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ತರಬೇತಿಯ ಸಭೆಯಲ್ಲಿ ಮಲಯಾಳ, ಆನ್‌ಲೈನ್ ಫಾರ್ಮಿನಲ್ಲಿ ಇಂಗ್ಲಿಷ್. ಅವರ ಕಲಿಸುವ ರೀತಿಯಲ್ಲಿ ಈ ಪಯಣದ ಗುರುತುಗಳೆಲ್ಲ ಇರುತ್ತವೆ. ಅದನ್ನು ಹೊರಗೆ ತೆಗೆಯಲು ಅವರವರ ಸ್ವಂತ ಸಾಮಗ್ರಿಗಿಂತ ಹತ್ತಿರದ ದಾರಿ ನನಗೆ ಕಂಡಿಲ್ಲ.

ಎಲ್ಲಿಂದ ಶುರು ಮಾಡಲಿ?

ನೀವು ಓದಲು ಕಲಿತ ನೆನಪಿನಿಂದ. ಡಾನ್ ಲಾರ್ಟಿ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ 1975ರಲ್ಲಿ ಒಂದು ಮಾತು ಹೇಳಿದರು: ಬೇರೆ ಕಸುಬಿನವರು ತರಬೇತಿಗೆ ಸೇರಿದ ಮೇಲೆ ಕಸುಬನ್ನು ನೋಡುತ್ತಾರೆ, ಅಧ್ಯಾಪಕರಾದರೋ ವಿದ್ಯಾರ್ಥಿಯಾಗಿ ಕೂತಿದ್ದಷ್ಟೂ ವರ್ಷ ಕಸುಬನ್ನು ನೋಡಿಯೇ ಬಂದಿರುತ್ತಾರೆ. ಹಾಗಾಗಿ ತರಬೇತಿ ಕೊಟ್ಟದ್ದಕ್ಕಿಂತ ಹಳೆಯ ಬೆಂಚು ಕೊಟ್ಟದ್ದೇ ಗಟ್ಟಿ.

ಪ್ರಶ್ನೆಗಳು ಸಣ್ಣದಾಗಿರಲಿ. ವಿಜಯದಶಮಿಯ ದಿನ ಅಕ್ಕಿಯಲ್ಲಿ ನಿಮ್ಮ ಬೆರಳು ಹಿಡಿದು ಬರೆಸಿದವರು ಯಾರು? ಸ್ಲೇಟು ಒರಸಲು ಏನು ತರುತ್ತಿದ್ದಿರಿ? ಗಟ್ಟಿಯಾಗಿ ಓದು ಎಂದಾಗ ಹೊಟ್ಟೆಯಲ್ಲಿ ಏನಾಗುತ್ತಿತ್ತು? ಯಾವ ಅಕ್ಷರ ನಿಮಗೆ ಬಹಳ ದಿನ ಬರಲಿಲ್ಲ? "ನಿಮ್ಮ ಸಾಕ್ಷರತೆಯ ಪಯಣವನ್ನು ವಿವರಿಸಿ" ಎಂದರೆ ಭಾಷಣ ಬರುತ್ತದೆ. ಸ್ಲೇಟಿನ ಬಗ್ಗೆ ಕೇಳಿದರೆ ನೆನಪು ಬರುತ್ತದೆ.

ಆಮೇಲೆ ಎರಡನೇ ಪ್ರಶ್ನೆ: ಇದರಲ್ಲಿ ಯಾವುದನ್ನು ಇವತ್ತು ನಿಮ್ಮ ತರಗತಿಯಲ್ಲಿ ಮಾಡುತ್ತೀರಿ, ಯಾವುದನ್ನು ಎಂದಿಗೂ ಮಾಡುವುದಿಲ್ಲ? ಈ ಎರಡು ಉತ್ತರಗಳ ನಡುವೆಯೇ ಎಷ್ಟೋ ಅಧ್ಯಯನಗಳು ನಡೆಯಬಹುದು.

ನನಗೆ ಚಿತ್ರ ಬಿಡಿಸಲು ಬರುವುದಿಲ್ಲ.

ಬಾರದಿದ್ದರೆ ಒಳ್ಳೆಯದೇ. ಚೆನ್ನಾಗಿ ಚಿತ್ರ ಬರೆಯುವವರು ಚಂದ ಮಾಡಲು ಹೋಗಿ ವಿಷಯ ಬಿಡುತ್ತಾರೆ. ಕಡ್ಡಿ ಮನುಷ್ಯ, ಚೌಕ, ಬಾಣದ ಗುರುತು ಸಾಕು. ತೀರಾ ಬೇಡವೆನಿಸಿದರೆ ಫೋಟೋ ತೆಗೆಯಿರಿ, ಇಲ್ಲವೇ ಒಂದು ವಸ್ತು ತನ್ನಿ: ಹಳೆಯ ಟೀಚಿಂಗ್ ಮಾನ್ಯುವಲ್ (ಪಾಠದ ಯೋಜನೆ ಬರೆಯುವ ಪುಸ್ತಕ), ಸವೆದ ಫ್ಲಾಶ್ ಕಾರ್ಡು, ಯಾರೋ ಮಗು ಬರೆದುಕೊಟ್ಟ ಚೀಟಿ.

ದಿನಾ ಡೈರಿ ಬರೆಯಬೇಕೇ? ಟೀಚಿಂಗ್ ಮಾನ್ಯುವಲ್ ಬರೆದೇ ಸಾಕಾಗಿದೆ.

ದಿನಾ ಬೇಡ. ವಾರಕ್ಕೊಮ್ಮೆ, ಓದು ಕಲಿಸುವಾಗ ಮನಸ್ಸು ತಡೆದ ಒಂದೇ ಒಂದು ಕ್ಷಣ ಬರೆದರೆ ಸಾಕು. ಗೆದ್ದದ್ದೇ ಆಗಬೇಕೆಂದಿಲ್ಲ. ಏನಾಯಿತು, ಆಗ ನಾನು ಏನು ಮಾಡಿದೆ, ಏನು ಮಾಡಬೇಕೆಂದು ಅನ್ನಿಸಿತ್ತು ಎಂಬ ಮೂರು ಸಾಲು.

ಮಾನ್ಯುವಲ್‌ನಲ್ಲೂ ಪ್ರತಿಕ್ರಿಯೆ ಬರೆಯುವ ಪುಟ ಇದೆ, ನಿಜ. ಆದರೆ ಅದರ ಕೆಳಗೆ ಎಚ್.ಎಂ. (ಮುಖ್ಯೋಪಾಧ್ಯಾಯರ) ಸಹಿ ಬೀಳುತ್ತದೆ. ಸಹಿ ಬೀಳುವ ಪುಟದಲ್ಲಿ "ಹೆಚ್ಚಿನ ಮಕ್ಕಳು ಆಶಯವನ್ನು ಗ್ರಹಿಸಿದರು" ಎಂದು ಬರೆಯುವುದು ವಾಡಿಕೆ. ಡೈರಿಗೆ ಬೇರೆ ಪುಸ್ತಕ ಇಟ್ಟುಕೊಳ್ಳಿ.

ಒಂದು ತಮಾಷೆ ನೋಡಿ. 2023–24ರಿಂದ ಕೇರಳದ ಒಂದನೇ ತರಗತಿಗಳಲ್ಲಿ ಸಂಯುಕ್ತ ಡೈರಿ ನಡೆಯುತ್ತಿದೆ. ಮಗು ತನಗೆ ಬರುವಷ್ಟನ್ನು ಪೆನ್ಸಿಲಿನಲ್ಲಿ ಬರೆಯುತ್ತದೆ, ಬಾರದ್ದನ್ನು ಮನೆಯವರು ಪೆನ್ನಿನಲ್ಲಿ ಬರೆದು ತುಂಬಿಸುತ್ತಾರೆ, ಜತೆಗೊಂದು ಚಿತ್ರ. ಆರು ವರ್ಷದ ಮಗು ತನ್ನ ದಿನವನ್ನು ಬರೆದು ತೋರಿಸುತ್ತದೆ, ಅದನ್ನು ಓದಿ ಮೆಚ್ಚುವ ಅಧ್ಯಾಪಕರು ತಮ್ಮ ದಿನವನ್ನು ಮಾತ್ರ ಎಲ್ಲೂ ಬರೆಯುವುದಿಲ್ಲ.

ಯಾವ ಭಾಷೆಯಲ್ಲಿ ಬರೆಯಬೇಕು?

ಬಂದ ಭಾಷೆಯಲ್ಲಿ. ಪುಸ್ತಕದ ಕನ್ನಡಕ್ಕೆ ತಿರುಗಿಸಬೇಡಿ. ಬೈದ ನೆನಪು ತುಳುವಿನಲ್ಲಿದ್ದರೆ ತುಳುವಿನಲ್ಲೇ, ಮೀಟಿಂಗಿನ ಮಾತು ಮಲಯಾಳದಲ್ಲಿದ್ದರೆ ಹಾಗೆಯೇ, ಕನ್ನಡ ಲಿಪಿಯಲ್ಲಿ ಬರೆಯಿರಿ. ಯಾವ ಸಂಗತಿ ಹೇಳುವಾಗ ಯಾವ ಭಾಷೆಗೆ ಹೊರಳುತ್ತೀರಿ ಎಂಬುದೂ ಅಧ್ಯಯನ ಮಾಡುವವರಿಗೆ ಸಾಮಗ್ರಿ. ವರದಿಗೆ ಅನುವಾದ ಬೇಕಾದರೆ ಆಮೇಲೆ ಮಾಡಿಕೊಳ್ಳಬಹುದು, ಮೂಲವನ್ನು ಮಾತ್ರ ಪಕ್ಕದಲ್ಲೇ ಉಳಿಸಿ.

ವಾಯ್ಸ್ ಮೆಸೇಜ್ ನಡೆಯುತ್ತದೆಯೇ?

ಧಾರಾಳ. ಬಸ್ಸಿಗೆ ಕಾಯುವಾಗ ಮಾತಾಡಿ ಕಳಿಸುವವರೇ ಹೆಚ್ಚು. ಗುಂಪಿಗೆ ಕಳಿಸಬೇಡಿ, ಒಬ್ಬರಿಗೇ ಕಳಿಸಿ.

ಮಾತನ್ನು ಪದ್ಯ ಮಾಡುತ್ತಾರಂತೆ. ಇದು ಸಂಶೋಧನೆಯೋ ಕವಿಗೋಷ್ಠಿಯೋ?

ಸಂಶೋಧನೆಯೇ. ಅಧ್ಯಾಪಕರು ಆಡಿದ ಮಾತನ್ನೇ ಸಂಶೋಧಕರು ಪದ್ಯದ ಸಾಲುಗಳಾಗಿ ಜೋಡಿಸುತ್ತಾರೆ. ಹೊಸ ಪದ ಸೇರಿಸುವಂತಿಲ್ಲ, ಸಾಲಿನ ಕ್ರಮ ಬದಲಿಸುವಂತಿಲ್ಲ, ಬಿಡಬಹುದು, ಸಾಲು ಮುರಿಯಬಹುದು. ಇಲ್ಲಿ ಹಿಡಿದ ನಿಯಮ ಇಷ್ಟೇ. ಕೆಳಗಿನದ್ದು ಈ ಪುಟಕ್ಕಾಗಿಯೇ ಹೊಸೆದ ಮಾದರಿ. ಅಧ್ಯಾಪಿಕೆಯೊಬ್ಬರು ಹೀಗೆ ಹೇಳಿದರು ಎಂದುಕೊಳ್ಳಿ:

"ಅವ ಇಡೀ ವರ್ಷ ಬಾಯಿ ಬಿಡಲಿಲ್ಲ ಅಂತ ಇಟ್ಟುಕೊಳ್ಳಿ. ಓದು ಅಂದರೆ ಪುಸ್ತಕ ನೋಡುವುದು, ನನ್ನ ಮುಖ ನೋಡುವುದು, ಅಷ್ಟೆ. ಮಾರ್ಚಿನಲ್ಲಿ ಒಂದು ದಿನ ರಸ್ತೆ ಬದಿಯಲ್ಲಿ ನಿಂತಿದ್ದಾಗ ಬಸ್ಸಿನ ಬೋರ್ಡ್ ಓದಿದ. ಬೋರ್ಡ್ ಇದ್ದದ್ದು ಮಲಯಾಳದಲ್ಲಿ. ನಾನು ಕಲಿಸಿದ್ದು ಕನ್ನಡ. ಖುಷಿಯೂ ಆಯಿತು, ಏನೋ ಕಸಿವಿಸಿಯೂ ಆಯಿತು."

ಇದರಿಂದ:

ಇಡೀ ವರ್ಷ ಬಾಯಿ ಬಿಡಲಿಲ್ಲ.
ಪುಸ್ತಕ ನೋಡುವುದು,
ನನ್ನ ಮುಖ ನೋಡುವುದು,
ಅಷ್ಟೆ.
ಮಾರ್ಚಿನಲ್ಲಿ ಒಂದು ದಿನ
ಬಸ್ಸಿನ ಬೋರ್ಡ್ ಓದಿದ.
ಬೋರ್ಡ್ ಇದ್ದದ್ದು ಮಲಯಾಳದಲ್ಲಿ.
ನಾನು ಕಲಿಸಿದ್ದು
ಕನ್ನಡ.

ಕೊನೆಯ ವಾಕ್ಯವನ್ನು ಇಲ್ಲಿ ಬಿಟ್ಟಿದೆ. ಓದುವವರಿಗೆ ಹೀಗೆ ಹೆಚ್ಚು ತಟ್ಟುತ್ತದೆ ಎಂದು ಸಂಶೋಧಕರಿಗೆ ಅನ್ನಿಸಬಹುದು. ಆದರೆ ಹೇಳಿದವರಿಗೆ ಮುಖ್ಯವಾದದ್ದು ಆ ಖುಷಿಯೇ ಆಗಿದ್ದರೆ? ಅದನ್ನು ಬಿಟ್ಟಾಗ ಒಬ್ಬ ಅಧ್ಯಾಪಿಕೆಯ ಮಿಶ್ರ ಭಾವ ಹೋಗಿ, ಭಾಷಾ ವಿವಾದದ ಘೋಷಣೆಯೊಂದು ಉಳಿಯಿತು. ಹಾಗಾಗಿ ಪದ್ಯವನ್ನು ಅವರ ಕೈಗೆ ಕೊಟ್ಟು "ಇದು ನೀವು ಹೇಳಿದ್ದೇ?" ಎಂದು ಕೇಳುವುದು ಕಡ್ಡಾಯ. "ಖುಷಿಯ ಮಾತು ಸೇರಿಸಿ" ಎಂದರೆ ಸೇರಿಸಬೇಕು, ಪದ್ಯ ಸಪ್ಪೆಯಾದರೂ ಸರಿ.

ಗುಂಪಿನಲ್ಲಿ ಮಾಡುವಂಥದ್ದು ಏನಾದರೂ ಇದೆಯೇ?

ತಾಳಮದ್ದಲೆ ಮಾಡಿ, ಅಂದರೆ ಯಕ್ಷಗಾನದ ಮಾತಿನ ರೂಪ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯ ಸೀಮೆಯಲ್ಲಿ ಕೂತು ಇದನ್ನು ಬಿಟ್ಟು ಬೇರೆ ಹುಡುಕುವುದು ಯಾಕೆ? ವೇಷ ಬೇಡ, ಕುಣಿತ ಬೇಡ, ಎದುರುಬದುರು ಕೂತು ಅರ್ಥ (ಪಾತ್ರದ ಮಾತು) ಹೇಳಿದರೆ ಆಯಿತು. ನಮ್ಮ ಅಧ್ಯಾಪಕರಲ್ಲಿ ಅರ್ಥಧಾರಿಗಳಿಗೆ ಬರವೂ ಇಲ್ಲ.

ಪಾತ್ರಗಳು ಹೀಗಿರಲಿ: ಒಬ್ಬರು ಪಠ್ಯಪುಸ್ತಕ, ಒಬ್ಬರು ಒಂದನೇ ಕ್ಲಾಸಿನ ಮಗು, ಒಬ್ಬರು ಮಗುವಿನ ಅಮ್ಮ, ಒಬ್ಬರು ಅಧ್ಯಾಪಕ. ಪ್ರಸಂಗ: ಡಿಸೆಂಬರ್ ಬಂದರೂ ಮಗುವಿಗೆ ಒತ್ತಕ್ಷರ ಹಿಡಿದಿಲ್ಲ. ಪಠ್ಯಪುಸ್ತಕವಾಗಿ ಕೂತವರು ತನ್ನ ಪರ ವಾದಿಸಲೇಬೇಕು, ಅಮ್ಮನಾದವರು "ಪಕ್ಕದ ಇಂಗ್ಲಿಷ್ ಮೀಡಿಯಂಗೆ ಹಾಕುತ್ತೇನೆ" ಎಂದು ಎತ್ತಿ ಆಡಲೇಬೇಕು. ಸಭೆಯಲ್ಲಿ ತನ್ನ ಬಾಯಲ್ಲಿ ಹೇಳಲು ಹಿಂಜರಿಯುವ ಮಾತನ್ನು ಪಾತ್ರದ ಬಾಯಲ್ಲಿ ಎಷ್ಟು ಖಾರವಾಗಿ ಹೇಳುತ್ತಾರೆಂದರೆ, ರೆಕಾರ್ಡ್ ಮಾಡಿಕೊಳ್ಳದಿದ್ದರೆ ನಷ್ಟ. ಎಲ್ಲರ ಒಪ್ಪಿಗೆ ಕೇಳಿಯೇ ರೆಕಾರ್ಡ್ ಮಾಡಿ. ಮುಗಿದ ಮೇಲೆ ಅಷ್ಟೇ ಹೊತ್ತು "ನಿಮ್ಮ ಪಾತ್ರ ಹೇಳಿದ್ದರಲ್ಲಿ ನಿಮ್ಮದು ಎಷ್ಟು?" ಎಂದು ಮಾತಾಡಿ. ಆ ಎರಡನೇ ಮಾತುಕತೆ ಇಲ್ಲದಿದ್ದರೆ ಅದು ಬರೀ ವಾರ್ಷಿಕೋತ್ಸವದ ಕಾರ್ಯಕ್ರಮ.

ಬಂದ ಸಾಮಗ್ರಿಯಿಂದ ಅರ್ಥ ತೆಗೆಯುವುದು ಹೇಗೆ?

ಇಲ್ಲಿಯೇ ಹೆಚ್ಚು ಎಚ್ಚರ ಬೇಕು. "ಓದು ಕಲಿಸುವುದೆಂದರೆ ____ ಹಾಗೆ" ಎಂದು ಬಿಟ್ಟ ಸ್ಥಳ ತುಂಬಿಸಲು ಕೊಟ್ಟಿರಿ, ಬದಿಯಡ್ಕ ಕಡೆಯ ಅಧ್ಯಾಪಕರೊಬ್ಬರು "ಅಡಿಕೆ ಸುಲಿದ ಹಾಗೆ" ಎಂದು ಬರೆದರು ಎಂದುಕೊಳ್ಳಿ. ಸಂಶೋಧಕರು ತಕ್ಷಣ ಬರೆದುಕೊಳ್ಳುತ್ತಾರೆ: ಏಕತಾನತೆ, ದಣಿವು, ಎಣಿಕೆಯ ಕೂಲಿ. ಪ್ರಬಂಧದ ಅಧ್ಯಾಯವೂ ಸಿದ್ಧವಾಗುತ್ತದೆ.

ಅವರನ್ನೇ ಕೇಳಿದರೆ ಹೇಳುವುದು ಬೇರೆಯೇ ಇರಬಹುದು. "ಸಿಪ್ಪೆ ಹೋಗಬೇಕು, ಒಳಗಿನ ಅಡಿಕೆಗೆ ಕತ್ತಿ ತಾಗಬಾರದು. ತಾಗಿದರೆ ಚಾಲಿ ಅಡಿಕೆಗೆ ಬೆಲೆ ಇಲ್ಲ. ಮಗುವಿನ ತಪ್ಪು ತಿದ್ದುವುದೂ ಹಾಗೆ." ಅವರು ಹೇಳುತ್ತಿದ್ದದ್ದು ಕೈಚಳಕದ ಬಗ್ಗೆ, ನೀವು ಕೇಳಿಸಿಕೊಂಡದ್ದು ಬೇಸರದ ಬಗ್ಗೆ. ಚಿತ್ರವಾಗಲಿ ಹೋಲಿಕೆಯಾಗಲಿ ಒಂಟಿಯಾಗಿ ಸಾಕ್ಷಿ ಹೇಳುವುದಿಲ್ಲ, ಮಾಡಿದವರ ವಿವರಣೆಯೊಂದಿಗೆ ಸೇರಿದಾಗಲೇ ಅದಕ್ಕೆ ಬೆಲೆ. ವಿವರಣೆ ಪಡೆಯದೆ ಬಣ್ಣ ಕಪ್ಪಾಗಿದೆ, ಮಕ್ಕಳು ಸಣ್ಣದಾಗಿದ್ದಾರೆ, ಬಾಗಿಲು ಮುಚ್ಚಿದೆ ಎಂದೆಲ್ಲ ಮನಶ್ಶಾಸ್ತ್ರ ಹೇಳುವ ಪ್ರಬಂಧಗಳನ್ನು ನಾನು ನಂಬುವುದಿಲ್ಲ. ಕಪ್ಪು ಕ್ರೇಯಾನು ಮಾತ್ರ ಉಳಿದಿದ್ದೀತು.

ಕೆಲಸದ ಕ್ರಮ ಇಷ್ಟು: ಮೊದಲು ಒಬ್ಬರ ಸಾಮಗ್ರಿಯನ್ನೆಲ್ಲ ಒಟ್ಟಿಗೆ ಓದಿ, ಡೈರಿ ಹೇಳಿದ್ದಕ್ಕೂ ಚಿತ್ರ ತೋರಿಸಿದ್ದಕ್ಕೂ ತಾಳೆ ಇದೆಯೇ ನೋಡಿ. ತಾಳೆ ಇಲ್ಲದ ಕಡೆ ಗುರುತು ಹಾಕಿ, ಅವರನ್ನು ಕೇಳಿ. ಆಮೇಲೆ ಬೇರೆ ಬೇರೆಯವರ ನಡುವೆ ಮರುಕಳಿಸುವ ಎಳೆ ಹುಡುಕಿ. ಒಬ್ಬರಲ್ಲಿ ಮಾತ್ರ ಇದ್ದು ಉಳಿದವರಲ್ಲಿ ಇಲ್ಲದ್ದನ್ನು ಎಸೆಯಬೇಡಿ.

ನೆನಪನ್ನು ನಂಬಬಹುದೇ? ಜನ ಚಂದ ಮಾಡಿ ಹೇಳುತ್ತಾರೆ.

ಹೇಳುತ್ತಾರೆ. "ನಮ್ಮ ಕಾಲದಲ್ಲಿ ಎಲ್ಲರೂ ಚೆನ್ನಾಗಿ ಓದುತ್ತಿದ್ದರು" ಎಂಬುದನ್ನು ಎಲ್ಲ ಕಡೆ ಕೇಳುತ್ತೇವೆ. ಶಾಲೆಯ ಹಳೆಯ ದಾಖಲಾತಿ ರಿಜಿಸ್ಟರ್ ತೆರೆದು ನೋಡಿದರೆ ಒಂದರಲ್ಲಿ ಸೇರಿದವರಲ್ಲಿ ನಾಲ್ಕಕ್ಕೆ ಎಷ್ಟು ಮಂದಿ ಉಳಿದಿದ್ದರು ಎಂದು ಸಿಗುತ್ತದೆ. ಊರಿನ ಶಿಕ್ಷಣದ ಚರಿತ್ರೆಗೆ ನೆನಪೊಂದನ್ನೇ ಆಧಾರ ಮಾಡಬೇಡಿ. ಆದರೆ ಅಧ್ಯಾಪಕರು ಹಾಗೆ ನಂಬಿದ್ದಾರೆ ಎಂಬುದು ನಿಜ, ಇಂದಿನ ಮಕ್ಕಳನ್ನು ಆ ನಂಬಿಕೆಯ ಕನ್ನಡಕದಿಂದಲೇ ನೋಡುತ್ತಾರೆ ಎಂಬುದೂ ನಿಜ. ನೆನಪು ಆ ಮಟ್ಟಿಗೆ ಗಟ್ಟಿ ಸಾಮಗ್ರಿ.

ಮಕ್ಕಳ ನೋಟ್‌ಬುಕ್ಕಿನ ಫೋಟೋ, ತರಗತಿಯ ವಿಡಿಯೋ ಬಳಸಬಹುದೇ?

ಅಧ್ಯಯನ ಅಧ್ಯಾಪಕರ ಅನುಭವದ ಬಗ್ಗೆ. ಆದಷ್ಟು ಮಕ್ಕಳನ್ನು ಚೌಕಟ್ಟಿನ ಹೊರಗಿಡಿ. ಖಾಲಿ ತರಗತಿ, ಬೋರ್ಡು, ಮುಖ ಕಾಣದ ಕೈ, ಹೆಸರು ಮುಚ್ಚಿದ ಪುಟ ಸಾಕು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕೆಂಬುದು ಅದರ ನಿಲುವು. ಪಿಟಿಎ ಸಭೆಯಲ್ಲಿ ಒಮ್ಮೆ ಹೇಳಿ "ಎಲ್ಲರೂ ಒಪ್ಪಿದರು" ಎಂದು ಬರೆದುಕೊಂಡರೆ ಅದು ಒಪ್ಪಿಗೆಯಲ್ಲ. ತಂದೆತಾಯಿಗೆ ಮಲಯಾಳ ಮಾತ್ರ ಓದಲು ಬರುವುದಾದರೆ ಒಪ್ಪಿಗೆ ಪತ್ರವೂ ಮಲಯಾಳದಲ್ಲಿ ಇರಬೇಕು.

ಇನ್ನೊಂದು ಮಾತು. ಒಂದು ಮಗು ಓದಿನಲ್ಲಿ ಯಾಕೆ ಹಿಂದೆ ಬಿತ್ತು ಎಂದು ಅಧ್ಯಾಪಕರು ಬರೆಯುತ್ತಾ ಹೋದ ಡೈರಿಯಲ್ಲಿ ಆ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವ ಸುಳಿವು ಸಿಕ್ಕಿದರೆ, ಅಲ್ಲಿಗೆ ಗೋಪ್ಯತೆಯ ಭರವಸೆ ಮುಗಿಯಿತು. 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098. ಇದನ್ನು ಮೊದಲ ದಿನವೇ, ಒಪ್ಪಿಗೆ ಪತ್ರದಲ್ಲೇ ಎಲ್ಲರಿಗೂ ಹೇಳಿಬಿಡಿ.

ಹೆಸರು ಬದಲಿಸಿದರೆ ಗುರುತು ಸಿಗುವುದಿಲ್ಲ ತಾನೇ?

ಸಿಗುತ್ತದೆ. ಒಂದೇ ಶಾಲೆಯಲ್ಲಿ ಕನ್ನಡ ವಿಭಾಗಕ್ಕೆ ಇಬ್ಬರೋ ಮೂವರೋ ಅಧ್ಯಾಪಕರು. "ಹೊಳೆ ದಾಟಿ ಹೋಗಬೇಕಾದ ಶಾಲೆ, ಯಕ್ಷಗಾನ ಕಲಿಸುವ ಮಾಷ್ಟ್ರು" ಎಂದು ಬರೆದರೆ ಮುಳ್ಳೇರಿಯದಿಂದ ಉಪ್ಪಳದವರೆಗೆ ಎಲ್ಲರಿಗೂ ಗೊತ್ತಾಗುತ್ತದೆ. ಹೆಸರಿನ ಜತೆ ಊರು, ಹವ್ಯಾಸ, ಸೇವೆಯ ವರ್ಷ, ಕೆಲವೊಮ್ಮೆ ಸ್ತ್ರೀ ಪುರುಷ ಎಂಬುದನ್ನೂ ಬದಲಿಸಬೇಕಾದೀತು. ಇಬ್ಬರು ಮೂವರ ಅನುಭವವನ್ನು ಸೇರಿಸಿ ಒಂದೇ ಪಾತ್ರ ಮಾಡುವುದೂ ಒಂದು ದಾರಿ, ಹಾಗೆ ಮಾಡಿದ್ದೇನೆಂದು ವರದಿಯಲ್ಲಿ ಹೇಳಿದರೆ ಸಾಕು. ಅನುದಾನಿತ ಶಾಲೆಗಳಲ್ಲಿ ನೇಮಕ ಮಾಡುವವರು ಮ್ಯಾನೇಜರರೇ ಆದ್ದರಿಂದ, ಅಲ್ಲಿಯ ಅಧ್ಯಾಪಕರು ಆಡಳಿತದ ಬಗ್ಗೆ ಬರೆದದ್ದನ್ನು ಇಮ್ಮಡಿ ಜಾಗ್ರತೆಯಿಂದ ನೋಡಿ.

ಅಧ್ಯಯನ ಮಾಡುವವರು ಅದೇ ಶಾಲೆಯ ಎಚ್.ಎಂ. ಆಗಿದ್ದರೆ? ಬೇರೆ ಶಾಲೆ ಹುಡುಕಿ. ಒಪ್ಪಿಗೆ ಕೇಳುವವರ ಕೈಯಲ್ಲೇ ರಜೆಯ ಅರ್ಜಿಯೂ ಇರುವಾಗ ಯಾರು "ಆಗುವುದಿಲ್ಲ" ಅನ್ನುತ್ತಾರೆ?

ಬರೆಯುತ್ತಾ ಬೇಸರವಾದರೆ, ಅಳು ಬಂದರೆ?

ಬರಬಹುದು. ಮಕ್ಕಳು ಕಡಿಮೆಯಾಗಿ ತರಗತಿಯ ಒಂದು ಡಿವಿಷನ್ (ವಿಭಾಗ) ರದ್ದಾಗಿ ಕೆಲಸವೇ ಅತಂತ್ರವಾದವರು, ಕನ್ನಡ ಬಾರದವರನ್ನು ಕನ್ನಡ ಹುದ್ದೆಗೆ ಹಾಕಿದಾಗ ಎರಡು ತರಗತಿ ಒಬ್ಬರೇ ನೋಡಿಕೊಂಡವರು ಇದ್ದಾರೆ. ನಿಲ್ಲಿಸಿ, ಚಹಾ ಕುಡಿಯಿರಿ, ಆ ಭಾಗವನ್ನು ಕೊಡಬೇಕೋ ಬೇಡವೋ ಆಮೇಲೆ ತೀರ್ಮಾನಿಸಿ. ಇದು ಚಿಕಿತ್ಸೆಯಲ್ಲ, ಸಂಶೋಧಕರು ವೈದ್ಯರೂ ಅಲ್ಲ.

ಎಂ.ಎಡ್. ಪ್ರಬಂಧಕ್ಕೆ ಇದನ್ನು ಒಪ್ಪುತ್ತಾರೆಯೇ? ಎಷ್ಟು ಅಧ್ಯಾಪಕರು ಬೇಕು?

ನಿಮ್ಮ ಮಾರ್ಗದರ್ಶಕರನ್ನು ಮೊದಲೇ ಕೇಳಿ. ಗುಣಾತ್ಮಕ ಅಧ್ಯಯನಕ್ಕೆ ಐದಾರು ಮಂದಿ ಧಾರಾಳ ಎಂಬುದು ನನ್ನ ಅಭಿಪ್ರಾಯ, ಆದರೆ ಪ್ರತಿಯೊಬ್ಬರಿಂದ ಎರಡು ಮೂರು ಬಗೆಯ ಸಾಮಗ್ರಿ ಇರಲಿ. ಐವತ್ತು ಮಂದಿಯಿಂದ ಒಂದೊಂದು ಚಿತ್ರ ತಂದು ರಾಶಿ ಹಾಕುವುದಕ್ಕಿಂತ ಇದು ಮೇಲು. ತೀರ್ಮಾನದಲ್ಲಿ "ಕಾಸರಗೋಡಿನ ಕನ್ನಡ ಅಧ್ಯಾಪಕರು ಹೀಗೆ ಭಾವಿಸುತ್ತಾರೆ" ಎಂದು ಬರೆದರೆ ಮೌಖಿಕ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತೀರಿ. "ಈ ಆರು ಮಂದಿಯ ಅನುಭವದಲ್ಲಿ ಹೀಗೆ ಕಂಡಿತು" ಎನ್ನಿ.

ಮುಗಿದ ಮೇಲೆ ಸಾಮಗ್ರಿ ಯಾರದ್ದು?

ಮಾಡಿದವರದ್ದು. ಡೈರಿ, ಚಿತ್ರಗಳ ಮೂಲವನ್ನು ವಾಪಸ್ ಕೊಡಿ, ನಕಲು ಮಾತ್ರ ಇಟ್ಟುಕೊಳ್ಳಿ, ಅದನ್ನೂ ಎಷ್ಟು ಸಮಯ ಎಂದು ಬರೆದುಕೊಟ್ಟು. ಪ್ರಬಂಧ ಅಚ್ಚಾಗುವ ಮೊದಲು ಅವರವರ ಭಾಗವನ್ನು ಕನ್ನಡದಲ್ಲಿ ಅವರಿಗೆ ಓದಲು ಕೊಡಿ. ಇಂಗ್ಲಿಷಿನಲ್ಲಿ ಬರೆದ ಪ್ರಬಂಧದ ಪಿ.ಡಿ.ಎಫ್. ಕಳಿಸಿ "ನೋಡಿ ಹೇಳಿ ಟೀಚರ್" ಅನ್ನುವುದು ಬರೀ ಶಿಷ್ಟಾಚಾರ.

ನನಗೆ ಸಮಯವೇ ಇಲ್ಲ. ಮಧ್ಯಾಹ್ನದ ಊಟದ ಲೆಕ್ಕ, ಆನ್‌ಲೈನ್ ಎಂಟ್ರಿ, ಕಲೋತ್ಸವ. ಕನಿಷ್ಠ ಎಷ್ಟು ಮಾಡಿದರೆ ಸಾಕು?

ಒಂದು ನೆನಪು, ಒಂದು ಚಿತ್ರ, ತಿಂಗಳಿಗೆರಡು ಡೈರಿ ಟಿಪ್ಪಣಿ, ಕೊನೆಗೆ ಒಂದು ಮಾತುಕತೆ. ಜೂನ್ ಮತ್ತು ಮಾರ್ಚಿನಲ್ಲಿ ಯಾರನ್ನೂ ಕೇಳಲು ಹೋಗಬೇಡಿ. ಓಣಂ ರಜೆ ಕಳೆದ ಮೇಲೆ ಒಂದನೇ ಕ್ಲಾಸು ಸ್ವಲ್ಪ ಹದಕ್ಕೆ ಬಂದಿರುತ್ತದೆ, ಆಗ ಶುರು ಮಾಡಿ. ಎಸ್.ಆರ್.ಜಿ. (ಶಾಲಾ ಸಂಪನ್ಮೂಲ ಗುಂಪು) ಸಭೆಯ ದಿನ ಹೇಗೂ ಎಲ್ಲರೂ ಇರುತ್ತಾರೆ, ಸಭೆ ಮುಗಿದ ಮೇಲಿನ ಅರ್ಧ ಗಂಟೆ ಕೇಳಿ ನೋಡಿ.